ಏರಿಸುವ ಮುನ್ನ ಅಳೆಯಿರಿ

ಸಂಜೆ ತೋಟದ ಮೋಟರುಗಳು ಎದ್ದರೆ ಮನೆಯ ಹಾಡು ಒಡೆಯುತ್ತದೆ. ಪೇಟೆಗೆ ಹೋಗಿ ಒಂದು ‘ಸ್ಟೆಪ್ ಅಪ್’ ಪೆಟ್ಟಿಗೆ ತಂದರೆ ಸರಿಹೋಗುತ್ತದೆ ಎಂದುಕೊಂಡೆವು. ಒಂದೇ ರಾತ್ರಿಯಲ್ಲಿ ಆಂಪ್ಲಿಫೈಯರ್ ಸುಟ್ಟಿತು. ಅದೇ ಬಗೆಯ ಪೆಟ್ಟಿಗೆ ಅಮೆರಿಕದ ಮನೆಯಲ್ಲಿ ವರ್ಷಗಟ್ಟಲೆ ತಣ್ಣಗೆ ಕೆಲಸ ಮಾಡುತ್ತಿದೆ. ಎಲ್ಲಿ ಬೇಕು, ಎಲ್ಲಿ ಬೇಡ, ಎಷ್ಟು ದೊಡ್ಡದು ಬೇಕು? ಕೋಟೆ ನಾಡಿನ ತೋಟದ ಮನೆಯಿಂದ ಒಂದು ಅನುಭವದ ಪಾಠ.

ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ಹೊಸದುರ್ಗ ತಾಲೂಕಿನ ತೆಂಗಿನ ತೋಟದ ನಡುವೆ ಸೋದರಮಾವನ ಮನೆ. ಪಡಸಾಲೆಯ ಗೂಡಿನಲ್ಲಿ ಅವರ ಹಳೆಯ ಆಂಪ್ಲಿಫೈಯರ್, ಎರಡೂ ಬದಿಗೆ ಮರದ ಸ್ಪೀಕರ್ ಪೆಟ್ಟಿಗೆಗಳು. ರೆಕಾರ್ಡ್ ತಿರುಗುತ್ತಿತ್ತು. ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರದ ಓಬವ್ವನ ಹಾಡು. ಚಿತ್ರದುರ್ಗದ ಕೋಟೆಯಲ್ಲೇ ಚಿತ್ರಿಸಿದ ಹಾಡೆಂದು ಮಾವ ದನಿ ತುಸು ಹೆಚ್ಚಾಗಿಯೇ ಇಟ್ಟಿದ್ದರು.

ಏಳು ಗಂಟೆಗೆ ತ್ರೀ ಫೇಸ್ ಬಂತು. ಸುತ್ತಲ ತೋಟಗಳಲ್ಲಿ ಆಟೋ ಸ್ಟಾರ್ಟರುಗಳು ಒಂದರ ಹಿಂದೊಂದು ಕಟಕ್ ಎಂದವು. ಬೋರ್‌ವೆಲ್ಲಿನ ಆಳದಲ್ಲಿ ಮೋಟರುಗಳು ಎದ್ದವು. ನಮ್ಮ ಪಡಸಾಲೆಯ ಬಲ್ಬು ಕೆಂಪಗಾಯಿತು. ಟ್ಯೂಬ್‌ಲೈಟ್ ಮಿಣುಕಿ ಆರಿತು. ಹಾಡಿನಲ್ಲಿ ವಾದ್ಯಗಳೆಲ್ಲ ಒಟ್ಟಿಗೆ ಏಳುವ ಜಾಗಕ್ಕೆ ಬರುತ್ತಿದ್ದಂತೆ ದನಿ ಒಡೆದು ಗೊರಗೊರ ಎಂದಿತು.

“ನೋಡು ಅಳಿಯಾ, ಓಬವ್ವ ಒನಕೆ ಎತ್ತೋ ಹೊತ್ತಿಗೆ ಸರಿಯಾಗಿ ಕರೆಂಟು ಕೈ ಕೊಡ್ತೈತೆ,” ಎಂದರು ಮಾವ.

ಮೀಟರ್ ತಂದು ಪ್ಲಗ್ಗಿಗೆ ಹಿಡಿದೆ. 180 ವೋಲ್ಟ್. ಇರಬೇಕಾದದ್ದು 230.

ಒಂದು ರಾತ್ರಿಯ ಪೆಟ್ಟಿಗೆ

ಮರುದಿನವೇ ಪೇಟೆಗೆ ಹೋದೆವು. ಅಂಗಡಿಯಲ್ಲಿ 180 ಎಂದ ಕೂಡಲೇ ಒಂದು ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಟ್ಟರು. 180 ಕೊಟ್ಟರೆ 230 ಬರುತ್ತದೆ. ನಮಗೆ ಬೇಕಾದದ್ದೂ ಅದೇ. ಆ ಸಂಜೆ ಮೋಟರುಗಳು ಎದ್ದರೂ ಹಾಡು ತುಂಬಿಕೊಂಡೇ ಬಂತು. ಮಾವ ಒಂದೇ ಹಾಡನ್ನು ಮೂರು ಸಲ ಹಾಕಿದರು. ಕೊನೆಗೆ ಆಂಪ್ಲಿಫೈಯರ್ ಆರಿಸುವುದನ್ನು ಮರೆತು ಎಲ್ಲರೂ ಮಲಗಿದೆವು.

ಬೆಳಿಗ್ಗೆ ಪಡಸಾಲೆಯಲ್ಲಿ ಸುಟ್ಟ ವಾಸನೆ. ಮುಚ್ಚಳ ಬಿಚ್ಚಿದರೆ ದೊಡ್ಡ ಕಂಡೆನ್ಸರ್ ಎರಡೂ ತಲೆ ಉಬ್ಬಿಸಿಕೊಂಡು ಕೂತಿದ್ದವು. ಒಂದರ ನೆತ್ತಿ ಬಿರಿದು ಕಂದು ಅಂಟು ಬೋರ್ಡಿನ ಮೇಲೆ ಹರಿದಿತ್ತು.

ಆದದ್ದಿಷ್ಟು. ನಡುರಾತ್ರಿ ತ್ರೀ ಫೇಸ್ ಹೋಯಿತು, ಮೋಟರುಗಳೆಲ್ಲ ನಿಂತವು. ಲೈನಿನ ಮೇಲಿನ ಭಾರ ಇಳಿದು ಮನೆಯ ವೋಲ್ಟೇಜ್ ತಾನಾಗಿ ಮೇಲೆದ್ದಿತು. ಮುಂದಿನ ರಾತ್ರಿ ಅದೇ ಹೊತ್ತಿಗೆ ಎದ್ದು ಅಳೆದಾಗ 238 ಇತ್ತು. ಪೆಟ್ಟಿಗೆಗೆ ಸಂಜೆ ಯಾವುದು, ನಡುರಾತ್ರಿ ಯಾವುದು ಎಂದು ಗೊತ್ತಿಲ್ಲ. ಬಂದದ್ದನ್ನು 1.28ರಿಂದ ಗುಣಿಸುವುದಷ್ಟೇ ಅದರ ಕೆಲಸ. 238 ಬಂದಾಗ ಅದು ಹೊರಗೆ ಕೊಟ್ಟದ್ದು 304.

ಆಂಪ್ಲಿಫೈಯರಿನ ಒಳಗೆ 230ಕ್ಕೆ ಸುಮಾರು 40 ವೋಲ್ಟ್ ಡಿಸಿ ಸಿದ್ಧವಾಗುತ್ತಿತ್ತು. ಆ ಕಂಡೆನ್ಸರುಗಳ ತಾಳಿಕೆ 50. 304 ವೋಲ್ಟಿಗೆ ಒಳಗಿನ ಡಿಸಿ 53 ತಲುಪಿತು. ನಡುರಾತ್ರಿಯಿಂದ ಅವು ತಮ್ಮ ಮಿತಿ ಮೀರಿ ದುಡಿದಿದ್ದವು.

ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಇದೊಂದೇ: ಸ್ಟೆಪ್ ಅಪ್ ಎಂದರೆ ಸ್ಟೆಬಿಲೈಜರ್ ಅಲ್ಲ. ಮೊದಲನೆಯದು ಗುಣಿಸುತ್ತದೆ, ಎರಡನೆಯದು ನೋಡಿ ಸರಿಪಡಿಸುತ್ತದೆ. ವೋಲ್ಟೇಜ್ ಕಡಿಮೆಯಾದರೂ ಸದಾ ಒಂದೇ ಮಟ್ಟದಲ್ಲಿದ್ದರೆ ಮೊದಲನೆಯದು ಸಾಕು. ಏರಿಳಿಯುತ್ತಿದ್ದರೆ ಎರಡನೆಯದೇ ಬೇಕು.

ಗಾಳಿ ಇಲ್ಲಿಯದು, ಕರೆಂಟು ಎಲ್ಲಿಯದು?

ಚಿತ್ರದುರ್ಗದ ಜೋಗಿಮಟ್ಟಿಯ ಸಾಲಿಗೆ ಕಣ್ಣು ಹಾಯಿಸಿದರೆ ಗುಡ್ಡದ ನೆತ್ತಿಯ ಮೇಲೆಲ್ಲ ಗಾಳಿಯಂತ್ರಗಳು. ಅವುಗಳಲ್ಲಿ ಕರೆಂಟು ಹುಟ್ಟುವುದು ಸಾಮಾನ್ಯವಾಗಿ ಕೆಲವು ನೂರು ವೋಲ್ಟಿನಲ್ಲಿ. ಕಂಬದ ಬುಡದ ಟ್ರಾನ್ಸ್‌ಫಾರ್ಮರ್ ಅದನ್ನು 33,000 ವೋಲ್ಟಿಗೆ ಏರಿಸಿ ಲೈನಿಗೆ ಕೊಡುತ್ತದೆ. ಹಿರಿಯೂರಿನ ದೊಡ್ಡ ಸ್ಟೇಷನ್ನಿನಲ್ಲಿ ಅಂಕಿ 4,00,000 ಮುಟ್ಟುತ್ತದೆ. ಮಾವನ ಗೂಡಿನಲ್ಲಿ ಕೂತಿದ್ದ ಪೆಟ್ಟಿಗೆಯೂ ಇವುಗಳ ಕುಲದ್ದೇ.

ಏರಿಸುವುದು ಏಕೆ? ಒಂದೇ ಶಕ್ತಿಯನ್ನು ಹೆಚ್ಚು ವೋಲ್ಟಿನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯಬೇಕಾದ ಆಂಪ್ಸ್ ಕಡಿಮೆಯಾಗುತ್ತದೆ. ದಾರಿಯಲ್ಲಿ ಬಿಸಿಯಾಗಿ ಸೋರುವುದೂ ಕಡಿಮೆಯಾಗುತ್ತದೆ. ಮೈಸೂರು ಸಂಸ್ಥಾನ ಈ ವಿದ್ಯೆಯನ್ನು 1902ರಲ್ಲೇ ಮಾಡಿ ತೋರಿಸಿತು. ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟನ್ನು ಏರಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ.

ಊರು ಮುಟ್ಟುವ ಮುನ್ನ ಮತ್ತೆ ಇಳಿಸಬೇಕು. ಆ ಕೆಲಸ ನಾವೆಲ್ಲ ‘ಟಿಸಿ’ ಎನ್ನುವ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನದು. 11,000 ವೋಲ್ಟನ್ನು ಅದು ಮನೆಗೆ ಬೇಕಾದ ಮಟ್ಟಕ್ಕೆ ತರುತ್ತದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ, 1933ರಲ್ಲಿ ಶುರುವಾದ ಸರ್ಕಾರಿ ವಿದ್ಯುತ್ ಕಾರ್ಖಾನೆ, ಇಂದಿನ ಕವಿಕಾ, ಇಂಥ ಟಿಸಿಗಳನ್ನು ನಾಡಿಗೆಲ್ಲ ಕಟ್ಟಿಕೊಟ್ಟಿದೆ.

ತೊಂದರೆ ಶುರುವಾಗುವುದು ಟಿಸಿಯಿಂದ ಮನೆಯವರೆಗಿನ ಕೊನೆಯ ಹಾದಿಯಲ್ಲಿ.

> ತಂತಿಗೂ ಪ್ರಾಣಿಗಳ ಹೆಸರು
>
> ಲೈನಿಗೆ ಎಳೆಯುವ ಅಲ್ಯೂಮಿನಿಯಂ ತಂತಿಗಳಿಗೆ ಸ್ಕ್ವಿರಲ್, ವೀಸಲ್, ರ್‍ಯಾಬಿಟ್ ಎಂಬ ಹೆಸರುಗಳಿವೆ. ಅಳಿಲು ಸಣ್ಣದು, ಮೊಲ ಅದಕ್ಕಿಂತ ದಪ್ಪ.
>
> ಸ್ಕ್ವಿರಲ್ ತಂತಿಗೆ ಕಿಲೋಮೀಟರಿಗೆ ಸುಮಾರು 1.4 ಓಮ್ ತಡೆ. ಟಿಸಿಯಿಂದ 800 ಮೀಟರ್ ದೂರದ ಒಂಟಿ ಮನೆಗೆ ಫೇಸಿನ ದಾರಿ, ನ್ಯೂಟ್ರಲ್ಲಿನ ದಾರಿ ಸೇರಿ 1.6 ಕಿಲೋಮೀಟರ್. ತಡೆ 2.2 ಓಮ್.
>
> ಆ ತಂತಿಯಲ್ಲಿ 20 ಆಂಪ್ಸ್ ಹರಿದರೆ ದಾರಿಯಲ್ಲೇ 44 ವೋಲ್ಟ್ ಕರಗುತ್ತದೆ. 230 ಹೊರಟದ್ದು 186 ಆಗಿ ಮನೆ ಸೇರುತ್ತದೆ.

ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗದ ತೆಂಗು, ಹಿರಿಯೂರಿನ ಬಯಲು ಎಲ್ಲೆಡೆ ಬೇಸಿಗೆಯ ಕಥೆ ಒಂದೇ. ಮಳೆ ಕಡಿಮೆ, ನೀರು ಆಳದಲ್ಲಿ. ತ್ರೀ ಫೇಸ್ ಸಿಗುವುದು ದಿನಕ್ಕೆ ಏಳು ಗಂಟೆಯಷ್ಟು. ಆ ಹೊತ್ತಿನಲ್ಲಿ ತೋಟ ನೆನೆಸಿಕೊಳ್ಳಲೇಬೇಕು. ಸಿಂಗಲ್ ಫೇಸ್ ಇರುವಾಗಲೂ ಕೆಲವರು ಕಂಡೆನ್ಸರ್ ಕಟ್ಟಿ ಮೋಟರು ಓಡಿಸುತ್ತಾರೆ. ಮನೆಗಳಿಗೆಂದು ಬಿಟ್ಟ ಒಂದೇ ಫೇಸಿನ ಮೇಲೆ ಆಗ ಮೋಟರಿನ ಭಾರವೂ ಬೀಳುತ್ತದೆ. ಒಣಗುವ ಮರದ ಮುಂದೆ ನಿಂತ ರೈತನಿಗೆ ಹಾಡಿನ ಸಂಕಟ ಹೇಳುವಂತಿಲ್ಲ. ಆದರೆ ಅದೇ ತಂತಿಯ ಕೊನೆಯಲ್ಲಿ ಓದುವ ಮಗುವಿನ ದೀಪವೂ ಇದೆ, ಲಸಿಕೆ ಇಟ್ಟ ಫ್ರಿಜ್ಜೂ ಇದೆ. ಅವಕ್ಕೂ ಸರಿಯಾದ ವೋಲ್ಟೇಜ್ ಬೇಕು.

ಇನ್ನೊಂದು ಮಾತು. ಸ್ಟೆಪ್ ಅಪ್ ಪೆಟ್ಟಿಗೆ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಒಳಗೆ 50 ವೋಲ್ಟ್ ಹೆಚ್ಚು ಕೊಡಬೇಕಾದರೆ ಹೊರಗಿನಿಂದ ಅದಕ್ಕೆ ತಕ್ಕಂತೆ ಹೆಚ್ಚು ಆಂಪ್ಸ್ ಎಳೆಯುತ್ತದೆ. ಸಾಲಿನ ಪ್ರತಿ ಮನೆಯೂ ಒಂದೊಂದು ಪೆಟ್ಟಿಗೆ ಇಟ್ಟರೆ ತಂತಿ ಇನ್ನಷ್ಟು ಸೊರಗುತ್ತದೆ, ಕೊನೆಯ ಮನೆಗೆ ಇನ್ನೂ ಕಡಿಮೆ ಮುಟ್ಟುತ್ತದೆ.

ನಿಜಕ್ಕೂ ಎಷ್ಟು ನಷ್ಟ?

ಕಡಿಮೆ ವೋಲ್ಟೇಜಿಗೆ ಮೋಟರು, ಫ್ರಿಜ್ಜು ಸುಟ್ಟಾವು. ಆಂಪ್ಲಿಫೈಯರ್ ಸಾಮಾನ್ಯವಾಗಿ ಸುಡುವುದಿಲ್ಲ. ಅದರ ಉಸಿರು ಕಡಿಮೆಯಾಗುತ್ತದೆ, ಅಷ್ಟೇ.

ಹಳೆಯ ಬಗೆಯ, ಒಳಗೆ ಭಾರವಾದ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್ ಕೊಡಬಲ್ಲ ಗರಿಷ್ಠ ವ್ಯಾಟ್ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 230ಕ್ಕೆ 50 ವ್ಯಾಟ್ ಕೊಡುವುದು 200ಕ್ಕೆ ಸುಮಾರು 38, 180ಕ್ಕೆ ಸುಮಾರು 30. ಅಂಕಿ ನೋಡಿದರೆ ದೊಡ್ಡ ನಷ್ಟ. ಕಿವಿಗೆ ಹಾಗಲ್ಲ. 200 ವೋಲ್ಟಿನಲ್ಲಿ ಮೆಲ್ಲಗೆ ಕೇಳುವವರಿಗೆ ವ್ಯತ್ಯಾಸವೇ ತಿಳಿಯದು. ದನಿ ಏರಿಸಿದಾಗ, ತಬಲಾ, ಡೋಲು ಜೋರಾಗಿ ಬಿದ್ದಾಗ ಒಡೆಯುತ್ತದೆ. ಇನ್ನೂ ಕೆಳಗಿಳಿದರೆ ಗುಂಯ್ ಎಂಬ ಹಮ್ ಸೇರಿಕೊಳ್ಳುತ್ತದೆ.

ಹಾಗಾಗಿ 200ಕ್ಕಿಂತ ಮೇಲಿದ್ದರೆ ಹಾಡಿನ ಸಲುವಾಗಿ ಏನನ್ನೂ ಕೊಳ್ಳಬೇಡಿ. ವಾಲ್ಯೂಮ್ ಒಂದು ಗೆರೆ ತಗ್ಗಿಸಿ. ಇತ್ತೀಚಿನ ಹಗುರ ಆಂಪ್ಲಿಫೈಯರುಗಳ ಬೆನ್ನಿನ ಮೇಲೆ ‘100–240’ ಎಂದು ಬರೆದಿದ್ದರೆ ಅವಕ್ಕೆ ಯಾವ ಪೆಟ್ಟಿಗೆಯೂ ಬೇಡ. ತಮಗೆ ಬೇಕಾದದ್ದನ್ನು ಅವೇ ಹೊಂದಿಸಿಕೊಳ್ಳುತ್ತವೆ.

ಕ್ಯಾಲೆಂಡರಿನ ಮೇಲೆ ವೋಲ್ಟೇಜ್

ಆಂಪ್ಲಿಫೈಯರ್ ಸುಟ್ಟ ಮೇಲೆ ಮಾವ ಮೀಟರನ್ನು ನನ್ನಿಂದ ಕಿತ್ತುಕೊಂಡರು. ಹಾಲಿನ ಲೆಕ್ಕ ಬರೆಯುತ್ತಿದ್ದ ಗೋಡೆಯ ಕ್ಯಾಲೆಂಡರಿನಲ್ಲೇ, ತಾರೀಖಿನ ಚೌಕದೊಳಗೆ, ದಿನಕ್ಕೆ ಮೂರು ಅಂಕಿ ಬರೆಯತೊಡಗಿದರು: ಬೆಳಿಗ್ಗೆ ಆರಕ್ಕೆ, ಸಂಜೆ ಏಳೂವರೆಗೆ, ನಡುರಾತ್ರಿ ಮೋಟರುಗಳು ನಿಂತ ಮೇಲೆ. 221, 180, 232. ಮರುದಿನ 224, 176, 236. ಎರಡು ವಾರಕ್ಕೆ ಕ್ಯಾಲೆಂಡರ್ ಕಪ್ಪಾಯಿತು.

ಹದಿನೈದು ದಿನದ ಆ ಬರಹ ಎರಡು ಸಂಗತಿ ಹೇಳಿತು. ವೋಲ್ಟೇಜ್ ಸದಾ ಕಡಿಮೆಯಿಲ್ಲ, ಸಂಜೆ ಮಾತ್ರ ಬೀಳುತ್ತದೆ. ಮೋಟರುಗಳು ಓಡದ ದಿನವೂ ನಮ್ಮ ಮನೆಯಲ್ಲಿ ಒಂದು ಇಸ್ತ್ರಿಪೆಟ್ಟಿಗೆ ಹಾಕಿದರೆ 12 ವೋಲ್ಟ್ ಇಳಿಯುತ್ತದೆ. ಪಕ್ಕದ ಮನೆಯಲ್ಲಿ ಹಾಗಾಗುವುದಿಲ್ಲ. ಎಂದರೆ ದೋಷದ ಒಂದು ಪಾಲು ನಮ್ಮ ಕಂಬದಿಂದ ಮನೆಗೆ ಬರುವ ವೈರಿನಲ್ಲೇ ಇದೆ.

ಮಾವ ಕ್ಯಾಲೆಂಡರನ್ನೇ ಸುತ್ತಿಕೊಂಡು ಸೆಕ್ಷನ್ ಆಫೀಸಿಗೆ ಹೋದರು. ಲೈನ್‌ಮನ್ ಬಂದು ಕಂಬ ಹತ್ತಿದ. ನ್ಯೂಟ್ರಲ್ ವೈರಿನ ಜಾಯಿಂಟ್ ಬೂದಿ ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿತ್ತು. ಕತ್ತರಿಸಿ, ಉಜ್ಜಿ, ಹೊಸದಾಗಿ ಬಿಗಿದ. ಸಂಜೆಯ 180, 194ಕ್ಕೆ ಬಂತು. ಒಂದು ಜಾಯಿಂಟಿನಲ್ಲಿ 14 ವೋಲ್ಟ್ ಅಡಗಿತ್ತು.

ಆ ಜಾಯಿಂಟ್ ಪೂರ್ತಿ ಕಳಚಿದ್ದರೆ ದೀಪ ಆರುತ್ತಿತ್ತು, ಅಷ್ಟೇ. ಆದರೆ ಇಡೀ ಸಾಲಿಗೆ ಬರುವ ನ್ಯೂಟ್ರಲ್ ಟಿಸಿಯ ಬಳಿ ಕಡಿದರೆ ಕೆಲವು ಮನೆಗಳಿಗೆ 300 ದಾಟಿದ ವೋಲ್ಟೇಜ್ ನುಗ್ಗಬಹುದು. ಒಂದು ದೀಪ ಮಂಕಾಗುವಾಗ ಇನ್ನೊಂದು ಉರಿದೇಳುತ್ತಿದ್ದರೆ ಕೂಡಲೇ ಮೇನ್ ಸ್ವಿಚ್ ಆರಿಸಿ ದೂರು ಕೊಡಿ. ಆಗ ಯಾವ ಪೆಟ್ಟಿಗೆಯನ್ನೂ ನಂಬಿ ಕೂರಬೇಡಿ.

> ದೂರು ನಿಮ್ಮ ಹಕ್ಕು
>
> 2010ರವರೆಗೆ ಜಾರಿಯಲ್ಲಿದ್ದ 1956ರ ಭಾರತೀಯ ವಿದ್ಯುತ್ ನಿಯಮಗಳು ಮನೆಯ ಸರಬರಾಜಿಗೆ ಹಾಕಿದ್ದ ಮಿತಿ: ಘೋಷಿತ ವೋಲ್ಟೇಜಿನಿಂದ ಶೇ 6ಕ್ಕಿಂತ ಹೆಚ್ಚು ಏರುಪೇರಾಗಬಾರದು. 230ಕ್ಕೆ ಲೆಕ್ಕ ಹಾಕಿದರೆ 216ರಿಂದ 244.
>
> ಚಿತ್ರದುರ್ಗ ಜಿಲ್ಲೆ ಬೆಸ್ಕಾಂ ವ್ಯಾಪ್ತಿಯದು. ದೂರಿಗೆ 1912ಕ್ಕೆ ಕರೆ ಮಾಡಿ. ದಿನ, ಹೊತ್ತು, ಅಂಕಿ ಬರೆದ ಹಾಳೆ ಕೈಯಲ್ಲಿದ್ದರೆ ದೂರಿಗೆ ತೂಕ ಬರುತ್ತದೆ.

ಉಳಿದ ಏರಿಳಿತಕ್ಕೆ ಸ್ಟೆಬಿಲೈಜರ್ ಬೇಕಾಯಿತು. ಅದರಲ್ಲಿ ಎರಡು ಬಗೆ. ರಿಲೇ ಬಗೆಯದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುತ್ತದೆ, ಪ್ರತಿ ಸಲ ಟಕ್ ಎನ್ನುತ್ತದೆ. ಆ ಟಕ್ ಕೆಲವು ಆಂಪ್ಲಿಫೈಯರುಗಳಲ್ಲಿ ಸ್ಪೀಕರಿಗೂ ಕೇಳಿಸುತ್ತದೆ. ಸರ್ವೋ ಬಗೆಯದರಲ್ಲಿ ಒಂದು ಪುಟ್ಟ ಮೋಟರು ಸುರುಳಿಯ ಮೇಲೆ ಬ್ರಷ್ ಜರುಗಿಸುತ್ತ ವೋಲ್ಟೇಜನ್ನು ನಯವಾಗಿ ಹೊಂದಿಸುತ್ತದೆ. ಹಾಡಿಗೆ ಇದು ಹಿತ. ಕೊಳ್ಳುವಾಗ ಒಳಬರುವ ವೋಲ್ಟಿನ ಮಿತಿ ಓದಿ. ನಿಮ್ಮ ಕ್ಯಾಲೆಂಡರಿನ ಅತಿ ಕಡಿಮೆ ಅಂಕಿಯೂ ಅತಿ ಹೆಚ್ಚಿನ ಅಂಕಿಯೂ ಅದರೊಳಗೆ ಬರಬೇಕು. ಮಿತಿ ಮೀರಿದರೆ ತಾನೇ ಕಡಿದುಕೊಳ್ಳುವ ಏರ್ಪಾಡೂ ಇರಲಿ.

ಸ್ಟೆಪ್ ಅಪ್ಪಿಗೆ ತಕ್ಕ ಮನೆ

ಹಾಗಾದರೆ ಸ್ಟೆಪ್ ಅಪ್ ಯಾರಿಗೆ? ಮಾವನ ಮಗನಿಗೆ.

ಅವನು ನ್ಯೂಜೆರ್ಸಿಯಲ್ಲಿದ್ದಾನೆ. ಬೆಂಗಳೂರಿನಲ್ಲಿ ಮೊದಲ ಸಂಬಳದಲ್ಲಿ ಕೊಂಡ ಆಂಪ್ಲಿಫೈಯರನ್ನು ಬಿಟ್ಟು ಹೋಗಲು ಮನಸ್ಸಾಗದೆ ಜೊತೆಗೆ ಒಯ್ದ. ಅದಕ್ಕೆ ಬೇಕಾದದ್ದು 230 ವೋಲ್ಟ್. ಅಲ್ಲಿಯ ಗೋಡೆಯಲ್ಲಿ ಬರುವುದು 120. ಅಲ್ಲಿಯ 120 ಹಗಲೂ ರಾತ್ರಿ ಹೆಚ್ಚುಕಡಿಮೆ 120ರಲ್ಲೇ ನಿಲ್ಲುತ್ತದೆ. ಗುಣಿಸುವ ಪೆಟ್ಟಿಗೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ.

ಅವನು ಆರಿಸಿದ ಬಗೆ ಹೀಗೆ.

ಮೊದಲು ಆಂಪ್ಲಿಫೈಯರಿನ ಬೆನ್ನು ಓದಿದ. ಕೆಲವು ಆಂಪ್ಲಿಫೈಯರುಗಳಲ್ಲಿ 115, 230 ಎಂದು ಬದಲಿಸುವ ಸ್ವಿಚ್ ಅಲ್ಲೇ ಇರುತ್ತದೆ. ಇದ್ದರೆ ಅಷ್ಟಕ್ಕೇ ಕೆಲಸ ಮುಗಿಯಿತು. ಅವನದರಲ್ಲಿ ಇರಲಿಲ್ಲ.

ಆಮೇಲೆ ವಿಎ ಲೆಕ್ಕ. ವೋಲ್ಟನ್ನು ಆಂಪ್ಸಿನಿಂದ ಗುಣಿಸಿದರೆ ಸಿಗುವುದು ವಿಎ, ಟ್ರಾನ್ಸ್‌ಫಾರ್ಮರಿನ ಅಳತೆ ಅದು. ಸ್ಪೀಕರಿಗೆ ಕೊಡುವ ವ್ಯಾಟ್ ಬೇರೆ, ಗೋಡೆಯಿಂದ ಎಳೆಯುವ ವ್ಯಾಟ್ ಬೇರೆ. ಎರಡು ಬದಿಗೆ 50 ವ್ಯಾಟ್ ಕೊಡುವ ಅವನ ಆಂಪ್ಲಿಫೈಯರಿನ ಬೆನ್ನಿನ ಮೇಲೆ 250 ವ್ಯಾಟ್ ಎಂದಿತ್ತು. ಅದರ ಎರಡರಷ್ಟು, 500 ವಿಎ, ಆರಿಸಿದ. ಸ್ವಿಚ್ ಹಾಕಿದ ಗಳಿಗೆಯಲ್ಲಿ ಖಾಲಿ ಕಂಡೆನ್ಸರುಗಳು ಒಮ್ಮೆಲೇ ಎಳೆದುಕೊಳ್ಳುತ್ತವೆ. ತಬಲಾದ ಒಂದು ಪೆಟ್ಟಿಗೂ ಒಮ್ಮೆಲೇ ಶಕ್ತಿ ಬೇಕು. ಅಳತೆಗೆ ಸರಿಯಾಗಿ ಕೊಂಡರೆ ಪೆಟ್ಟಿಗೆ ಕಾದು ಗುಂಯ್‌ಗುಡುತ್ತದೆ. ಹಾಗೆಂದು 3,000 ವಿಎ ಬೇಕಿಲ್ಲ. ಭಾರ, ಬೆಲೆ, ಖಾಲಿ ಇದ್ದಾಗಲೂ ತಿನ್ನುವ ಕರೆಂಟು ಎಲ್ಲವೂ ಜಾಸ್ತಿ.

ಸುತ್ತು ಒಂದೋ, ಎರಡೋ? ಅಗ್ಗದ, ಹಗುರ ಪೆಟ್ಟಿಗೆಗಳು ಆಟೋ ಟ್ರಾನ್ಸ್‌ಫಾರ್ಮರುಗಳು. ಒಂದೇ ಸುರುಳಿಯಲ್ಲಿ ಒಳಗೂ ಹೊರಗೂ ಕೊಂಡಿ. ಎರಡು ಬೇರೆ ಸುರುಳಿ ಇರುವುದರಲ್ಲಿ ಒಳಗಿನ ತಂತಿಗೂ ಹೊರಗಿನ ತಂತಿಗೂ ನೇರ ನಂಟಿಲ್ಲ. ತೂಕ ಜಾಸ್ತಿ, ಕಾವಲೂ ಜಾಸ್ತಿ. ಅವನು ಎರಡು ಸುರುಳಿಯದನ್ನೇ ಕೊಂಡ. ಆಟೋ ಬಗೆಯದೂ ಕೆಲಸ ಮಾಡುತ್ತದೆ. ಯಾವುದೇ ಆಗಲಿ, ಮೂರನೆಯ ಪಿನ್ನಿನ ಅರ್ಥಿಂಗ್ ಗೋಡೆಯಿಂದ ಆಂಪ್ಲಿಫೈಯರಿನ ಲೋಹದ ಮೈವರೆಗೂ ಕಡಿಯದೆ ಹೋಗಬೇಕು. ಎರಡೇ ಪಿನ್ನಿನ ಪ್ಲಗ್ ಇರುವ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕೊನೆಗೆ ಜಾಗ. ಟ್ರಾನ್ಸ್‌ಫಾರ್ಮರಿನ ಸುತ್ತ ಕಾಂತಕ್ಷೇತ್ರ ಸೋರುತ್ತದೆ. ರೆಕಾರ್ಡ್ ಪ್ಲೇಯರಿನ ಮುಳ್ಳಿನ ಬಳಿ ಇಟ್ಟರೆ ಹಾಡಿನೊಳಗೆ ಗುಂಯ್ ಸೇರುತ್ತದೆ. ಅವನು ಅದನ್ನು ನೆಲದ ಮೇಲೆ, ಎರಡಡಿ ದೂರದಲ್ಲಿ, ಗಾಳಿಯಾಡುವ ಕಡೆ ಇಟ್ಟಿದ್ದಾನೆ.

> ಸೈಕಲ್ ಬದಲಾಗದು
>
> ಟ್ರಾನ್ಸ್‌ಫಾರ್ಮರ್ ವೋಲ್ಟ್ ಬದಲಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ನಮ್ಮಲ್ಲಿ 50, ಅಮೆರಿಕದಲ್ಲಿ 60.
>
> 50ಕ್ಕೆ ಕಟ್ಟಿದ ಆಂಪ್ಲಿಫೈಯರ್ 60ರಲ್ಲಿ ಆರಾಮವಾಗಿ ನಡೆಯುತ್ತದೆ. 60ಕ್ಕೆ ಮಾತ್ರ ಕಟ್ಟಿದ್ದು 50ರಲ್ಲಿ ಕಾಯುತ್ತದೆ.
>
> ಎಸಿ ಮೋಟರಿನ ಹಳೆಯ ರೆಕಾರ್ಡ್ ಪ್ಲೇಯರುಗಳಲ್ಲಿ ವೇಗವೇ ತಪ್ಪುತ್ತದೆ. ಇಲ್ಲಿ ನಿಮಿಷಕ್ಕೆ 33⅓ ಸುತ್ತುವುದು ಅಲ್ಲಿ 40 ಸುತ್ತುತ್ತದೆ. ಅಲ್ಲಿಂದ ತಂದದ್ದು ಇಲ್ಲಿ 28ಕ್ಕೆ ಇಳಿಯುತ್ತದೆ.

ಅಲ್ಲಿಂದ ಇಲ್ಲಿಗೆ ತರುವವರಿಗೆ ಬೇಕಾದದ್ದು ಇದರ ತಿರುವುಮುರುವು, ಸ್ಟೆಪ್ ಡೌನ್. ಜಪಾನಿನ ಹಳೆಯ ಆಂಪ್ಲಿಫೈಯರುಗಳನ್ನು ಆಸೆಪಟ್ಟು ತರಿಸುವವರು ಒಂದು ವಿಷಯ ಮರೆಯಬಾರದು. ಜಪಾನಿನ ಮನೆಗಳಲ್ಲಿ ಬರುವುದು 100 ವೋಲ್ಟ್. ಅಮೆರಿಕದ ಸಾಮಾನಿಗೆಂದು ಮಾಡಿದ 120 ವೋಲ್ಟಿನ ಪೆಟ್ಟಿಗೆ ಕೊಟ್ಟರೆ ಅದರ ಮೇಲೆ ಶೇ 20 ಹೆಚ್ಚಿನ ಒತ್ತಡ ಬೀಳುತ್ತದೆ. ಮಾವನ ಕಂಡೆನ್ಸರ್ ಬಿರಿದದ್ದೂ ಇಂಥ ಒತ್ತಡಕ್ಕೇ.

ಮತ್ತೆ ಅದೇ ಹಾಡು

ಮಾವನ ಆಂಪ್ಲಿಫೈಯರಿಗೆ ಹೊಸ ಕಂಡೆನ್ಸರ್ ಬಿದ್ದಿವೆ. ಈ ಸಲ 63 ವೋಲ್ಟಿನವು. ಸುಟ್ಟವನ್ನು ಎಸೆಯದೆ ಗೂಡಿನ ಮೂಲೆಯಲ್ಲಿ ಇಟ್ಟುಕೊಂಡಿದ್ದಾರೆ. ಸ್ಟೆಪ್ ಅಪ್ ಪೆಟ್ಟಿಗೆ ಅಟ್ಟ ಸೇರಿದೆ.

ಮೊನ್ನೆ ಹೋಗಿದ್ದಾಗ ಸಂಜೆ ಏಳು ದಾಟಿತ್ತು. ಆಟೋ ಸ್ಟಾರ್ಟರುಗಳು ಕಟಕ್ ಎಂದವು. ಸರ್ವೋ ಪೆಟ್ಟಿಗೆಯೊಳಗೆ ಬ್ರಷ್ ಸರಿದ ಸಣ್ಣ ಸದ್ದು ಕೇಳಿಸಿತು. ವಾದ್ಯಗಳು ಒಟ್ಟಿಗೆ ಎದ್ದವು, ಒಡೆಯಲಿಲ್ಲ. ಕಿಟಕಿಯಾಚೆ ಪಕ್ಕದ ತೋಟದಲ್ಲಿ ನೀರು ಬದುವಿನ ಗುಂಟ ಹರಿದು ತೆಂಗಿನ ಬುಡ ತಲುಪುತ್ತಿತ್ತು.

ಹಾಡು ಮುಗಿಯುವವರೆಗೂ ಮಾವ ಮಾತಾಡಲಿಲ್ಲ. ಮುಗಿದ ಮೇಲೆ ಎದ್ದು ಮೀಟರನ್ನು ಗೋಡೆಯ ಪ್ಲಗ್ಗಿಗೆ ಹಿಡಿದರು. ಕ್ಯಾಲೆಂಡರಿನಲ್ಲಿ ಆ ದಿನದ ಚೌಕ ಹುಡುಕಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದರು: 196.